ನಿಯತ್ತಿನ ಹಿಡಿಕಟ್ಟು

ಮೇಜಿನ ಮೇಲಿದ್ದ ಬಂದೂಕಿನ ಮೈಯನ್ನು ಅದು ಮೊದಲು ಮೂಸಿ ನೋಡಿದಂತೆ ಮಾಡಿತು. ಬಳಿಕ ನಾದಿದ ಕಣಕದ ಹಾಗೆ ಕೊಂಚ ಉಬ್ಬಿ, ಬೆನ್ನ ಮೇಲಿನ ಎರಡು ತೂತುಗಳಲ್ಲಿ ಒಂದನ್ನು ಗೋಧಿ ಕಾಳಿನಷ್ಟು ಹಿಂದಕ್ಕೆ ಸರಿಸಿಕೊಂಡು, ಬಂದೂಕಿನ ತೂತುಗಳ ಕೆಳಗೆ ಸರಿಯಾಗಿ ಬಂದು ನಿಂತಿತು. ರಬ್ಬರ್ ಕೈಗವಸು ತೊಟ್ಟ ವಿಜ್ಞಾನಿ ಡಾಕ್ಟರ್ ಶ್ರೀಪಾದ ಕಟ್ಟಿ ಎರಡು ತಿರುಪುಗಳನ್ನು ಬಿಗಿದು, ಬಂದೂಕನ್ನೆತ್ತಿ ಸಭೆಗೆ ತೋರಿಸಿದರು.

"ಸಕಲಾನುಗುಣ ಹಿಡಿಕಟ್ಟು!" ಎಂದರು.

ಸಭೆ ಚಪ್ಪಾಳೆ ತಟ್ಟಿತು. ಕ್ರೀಡಾ ಮಹಾಮಂಡಳದ ಅಧ್ಯಕ್ಷ ಮಲ್ಲಸರ್ಜ ಬೆಂಬಳಗಿಯವರು ಎಲ್ಲರಿಗಿಂತ ಹೆಚ್ಚು ತಟ್ಟಿದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ. ಅರ್ಥವಾಗದ ಕಡೆಯಲ್ಲೇ ಜೋರಾಗಿ ತಟ್ಟಬೇಕೆಂಬುದನ್ನು ಅವರು ಸಾರ್ವಜನಿಕ ಬದುಕಿನಲ್ಲಿ ಕಲಿತಿದ್ದರು.

ಆ ಕಾಲದ ಹುಬ್ಬಳ್ಳಿಯಲ್ಲಿ ಬಣ್ಣದ ಬಂದೂಕಿನ ಆಟ ಎಷ್ಟು ಬೆಳೆದಿತ್ತೆಂದರೆ ಅದನ್ನು ಯಾರೂ ಆಟವೆಂದು ಕರೆಯುತ್ತಿರಲಿಲ್ಲ. ಗಾಳಿಯ ಒತ್ತಡದಿಂದ ಹಾರುವ ಬಣ್ಣದ ಗುಂಡು ಎದುರಾಳಿಯ ಮೈಮೇಲೆ ಒಡೆದರೆ ಅವನು ಮೈದಾನದಿಂದ ಹೊರಗೆ; ಇಷ್ಟೇ ಸಂಗತಿ. ಆದರೆ ಇಷ್ಟರಲ್ಲೇ ಎರಡು ಪಂಗಡಗಳು ಹುಟ್ಟಿಕೊಂಡಿದ್ದವು. ಜಗಳ ಬಂದೂಕಿನ ಬಗ್ಗೆಯೂ ಅಲ್ಲ, ಅದರ ಹಿಡಿಕಟ್ಟಿನ ಬಗ್ಗೆ. ಹಿಡಿಕಟ್ಟು ಎಂದರೆ ಬಂದೂಕಿನ ಮೈಯ ಕೆಳಗೆ ತಿರುಪು ಹಾಕಿ ಕೂಡಿಸುವ, ಹಿಡಿಯೂ ಗುಂಡು ಹಾರಿಸಲು ಎಳೆಯುವ ಕುದುರೆಯೂ ಇರುವ ಚೌಕಟ್ಟು. ನೆಟ್ಟನೆಯ ಹಿಡಿಕಟ್ಟಿನಲ್ಲಿ ಹಿಡಿ ನೇರ ಕೆಳಗಿಳಿಯುತ್ತದೆ, ಕುದುರೆಯನ್ನು ಒಂದೇ ಬೆರಳಿನಿಂದ ಎಳೆಯಬೇಕು. ಓರೆ ಹಿಡಿಕಟ್ಟಿನಲ್ಲಿ ಹಿಡಿ ಹಿಂದಕ್ಕೆ ಬಾಗಿರುತ್ತದೆ, ಕುದುರೆಗೆ ಎರಡು ಬೆರಳು. ಒಂದರ ತೂತು ಇನ್ನೊಂದರ ತೂತಿಗೆ ಕೂಡುವುದಿಲ್ಲ. ಒಂದರ ಗಾಳಿಕೊಳವೆ ಇನ್ನೊಂದಕ್ಕೆ ಹತ್ತುವುದಿಲ್ಲ. ಗೋಧಿ ಕಾಳಿನಷ್ಟು ಅಂತರದ ಈ ಎರಡು ತೂತುಗಳ ಮೇಲೆ ಜನ ಎರಡು ಸಂಘ, ಎರಡು ಬಾವುಟ, ಎರಡು ಪ್ರಾರ್ಥನಾಗೀತೆ ಕಟ್ಟಿದ್ದರು. ಬೀಗತನ ಮಾಡುವಾಗ ವರನ ಹಿಡಿಕಟ್ಟು ಯಾವುದೆಂದು ವಿಚಾರಿಸುವ ಮನೆಗಳೂ ಇದ್ದವು.

ಈ ಧರ್ಮಯುದ್ಧದ ಮೂಲ ಮಾತ್ರ ಒಂದು ಮನೆಯ ಪಾಲು ಹಂಚಿಕೆಯಲ್ಲಿತ್ತು. ಹಳೆಯ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಬಯಲಿನಲ್ಲಿ ಊರಿಗೆ ಈ ಆಟವನ್ನು ಮೊದಲು ಕಲಿಸಿದವರು ನಾಗನಗೌಡ ಪಟ್ಟೇದ. ಅವರು ತೀರಿಕೊಂಡಾಗ ಹಿರಿಯರು ಕೂತು, ಮಗಳು ಇಂದುಮತಿಗೂ ಮಗ ಚನ್ನವೀರನಿಗೂ ಎಲ್ಲವನ್ನೂ ಸರಿಸಮ ಹಂಚಿದರು. ಕೊನೆಗೆ ಉಳಿದದ್ದು ಗೌಡರ ಬಂದೂಕು. ಇಬ್ಬರೂ ಬೇಕೆಂದರು. ಹಿರಿಯರಿಗೆ ನ್ಯಾಯ ಗೊತ್ತಿತ್ತು, ಬಂದೂಕು ಗೊತ್ತಿರಲಿಲ್ಲ. ತಿರುಪು ಬಿಚ್ಚಿಸಿ ಮೈಯನ್ನು ಮಗನಿಗೂ ಓರೆ ಹಿಡಿಕಟ್ಟನ್ನು ಮಗಳಿಗೂ ಕೊಟ್ಟು, ಚಹಾ ಕುಡಿದು ಎದ್ದರು.

ಇಂದುಮತಿ ತನ್ನ ಹಿಡಿಕಟ್ಟಿಗೆ ಬೇರೆ ಮೈ ತಂದಳು. ಚನ್ನವೀರ ಹಟಕ್ಕೆ ಬಿದ್ದು ನೆಟ್ಟನೆಯ ಹಿಡಿಕಟ್ಟು ಕೊಂಡು, ಅಪ್ಪನ ಬಂದೂಕಿನ ಮೈಗೆ ಹೊಸ ತೂತು ಕೊರೆಸಿ, ಹಳೆಯ ತೂತಿಗೆ ಮೇಣ ತುಂಬಿದ. ಅಕ್ಕನ ಸುತ್ತ ಓರೆಯವರು ಸೇರಿದರು, ತಮ್ಮನ ಸುತ್ತ ನೆಟ್ಟನೆಯವರು. ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ. ಬೆಳಗಿನ ಹೊತ್ತು ಅವಳ ಶಿಷ್ಯೆಯರು, ಸಂಜೆ ಅವನ ಶಿಷ್ಯರು ಅದೇ ಬಯಲಿನಲ್ಲಿ ಆಡುತ್ತಿದ್ದರು. ಊರೆಲ್ಲ ಗೋಪುರಗಳೆದ್ದು, ಗುಂಡು ಹಾರಿಸುವಷ್ಟು ಖಾಲಿ ನೆಲ ಉಳಿದದ್ದು ಅದೊಂದೇ.

ಆ ಬಯಲನ್ನು ನೋಡಿಕೊಳ್ಳುತ್ತಿದ್ದ ಮಹಾಮಂಡಳದ ಬೆಂಬಳಗಿಯವರಿಗೆ ಎರಡು ಸಂಘಗಳ ದೂರು ಕೇಳಿ ಸಾಕಾಗಿತ್ತು. ಅವರೊಂದು ಮಹಾಪಂದ್ಯ ಘೋಷಿಸಿದರು. ಗೆದ್ದವರಿಗೆ ಬಯಲು, ಸೋತವರಿಗೆ ಪ್ರಮಾಣಪತ್ರ. ಸೋತ ಸಂಘ ಮತ್ತೆ ಅಲ್ಲಿ ಕಾಲಿಡುವಂತಿಲ್ಲ. ಹಿಡಿಕಟ್ಟಿನ ನೆಪ ಯಾರೂ ಹೇಳಬಾರದೆಂದು ಎರಡೂ ಕಡೆಗೆ ಕಟ್ಟಿಯವರ ಹಿಡಿಕಟ್ಟನ್ನೇ ಕಡ್ಡಾಯ ಮಾಡಿದರು.

ಹಿಡಿಕಟ್ಟನ್ನು ತೋರಿಸಿದ ಆ ಸಭೆ ಮುಗಿದ ಮೇಲೆ ಇಂದುಮತಿ ಮೇಜಿನ ಹತ್ತಿರ ಬಂದಳು.

"ಸರ, ಇದು ಯಾವ ಬಂದೂಕಿಗಾದ್ರೂ ಕೂಡತೈತಿ ಅಂದ್ರಿ. ಖರೆ. ಕೈಗೆ?"

"ಯಾವ ಕೈಗಾದರೂ ಹೊಂದ್ತದ ಬಾಯಾರ. ಇದರೊಳಗ ನೆನಪುಜೇಡಿ ಅಂತ ಒಂದು ಪದಾರ್ಥ ಅದ. ನೀವು ಹಿಡಿದ್ರ ನಿಮ್ಮ ಅಂಗೈ ಹೆಂಗದನೋ ಹಂಗ ಆಗ್ತದ. ನಿಮ್ಮನ್ನ ನೆನಪಿಟ್ಟುಕೊಳ್ತದ. ಒಮ್ಮೆ ಹಿಡಿದ ಕೈ ಇದು ಎಂದೂ ಮರಿಯೂದಿಲ್ಲ."

"ಆಮ್ಯಾಲೆ ನಮ್ಮ ಚನ್ನ್ಯಾ ಹಿಡಿದ್ರ?"

"ಅವರ ಕೈ ಹಂಗ ಆಗ್ತದ."

"ಅಂದ್ರ ಯಾರ ಹಿಡಿದ್ರ ಅವರ ಕಡಿ. ಹಂಗಾರ ಇದಕ್ಕ ನಿಯತ್ತ ಇಲ್ಲ ಅನ್ರಿ."

ಹಿಂದೆ ನಿಂತಿದ್ದ ಅವಳ ಶಿಷ್ಯೆಯರು ಕಿಸಕ್ಕನೆ ನಕ್ಕರು. ಕಟ್ಟಿಯವರ ಮುಖ ಕೆಂಪಾಯಿತು. ಅವರ ಸಂಶೋಧನೆಯನ್ನು ತಪ್ಪೆಂದವರನ್ನು ಅವರು ಅನೇಕ ಸಲ ಕ್ಷಮಿಸಿದ್ದರು. ಅದಕ್ಕೆ ಶೀಲವಿಲ್ಲವೆಂದವರನ್ನು ಕ್ಷಮಿಸುವುದು ಅವರಿಂದಾಗಲಿಲ್ಲ.

"ನಿಯತ್ತು ಬೇಕೇನ್ರಿ ನಿಮಗ? ತೋರಸ್ತೀನಿ ತಡೀರಿ," ಎಂದು ಬಂದೂಕನ್ನು ಪೆಟ್ಟಿಗೆಗಿಟ್ಟರು.

ಪಂದ್ಯದ ಹೊತ್ತಿಗೆ ಅವರು ತೋರಿಸಿಯೇಬಿಟ್ಟರು. ಮನುಷ್ಯನ ಅಂಗೈಯ ಸ್ನಾಯುಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ಸದಾ ನಡುಗುತ್ತಿರುತ್ತವೆ. ಆ ನಡುಕದಿಂದ ಹೊರಡುವ ಕ್ಷೀಣವಾದ ವಿದ್ಯುತ್ತಿನ ಅಲೆಗೆ ಕಟ್ಟಿಯವರು 'ಕೈಯಲೆ' ಎಂದು ಹೆಸರಿಟ್ಟರು. ಒಬ್ಬರ ಕೈಯಲೆ ಇನ್ನೊಬ್ಬರಿಗಿರುವುದಿಲ್ಲ. ಸುಧಾರಿಸಿದ ಹಿಡಿಕಟ್ಟು ಮೈದಾನದ ಆ ತುದಿಯಲ್ಲಿರುವ ಕೈಯಲೆಯನ್ನೂ ಗುರುತಿಸಬಲ್ಲದು. ಬಂದೂಕಿನ ಮೂತಿಯ ಎದುರಿಗೆ ಅದು ಬಲ್ಲ ಕೈ ಇದ್ದರೆ ಕುದುರೆ ಸುಮ್ಮನಾಗಿಬಿಡುತ್ತದೆ. ಕದ್ದವನು ಒಡೆಯನ ಮೇಲೆ ಗುಂಡು ಹಾರಿಸಲಾರ. ಇದಕ್ಕೆ 'ಒಡೆಯರಕ್ಷೆ' ಎಂದು ಹೆಸರು. ಇದನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಬೆಂಬಳಗಿ ಕೇಳಿದಾಗ ಕಟ್ಟಿಯವರು, "ನಿಲ್ಲಿಸಲಿಕ್ಕೆ ಬರೋ ನಿಯತ್ತು ನಿಯತ್ತಲ್ಲ ಅಧ್ಯಕ್ಷರ," ಎಂದರು. ಆ ಮಾತು ಬೆಂಬಳಗಿಯವರಿಗೆ ಬಹಳ ಹಿಡಿಸಿತು. ಅದನ್ನು ಅವರು ಮೂರು ಪಕ್ಷಗಳ ವೇದಿಕೆಯಲ್ಲಿ ಬಳಸಿದರು.

ಕಟ್ಟಿಯವರು ಪರೀಕ್ಷೆಯನ್ನೂ ಮಾಡಿದ್ದರು, ಹುಲ್ಲಿನ ಗೊಂಬೆಗಳ ಮೇಲೆ. ಗೊಂಬೆಗಳಿಗೆ ಕೈಯಲೆ ಇರುವುದಿಲ್ಲವಾದ್ದರಿಂದ ಗುಂಡುಗಳೆಲ್ಲ ಹಾರಿದವು. ತಮ್ಮ ಕೈಯಲೆ ಬೆರೆತು ಲೆಕ್ಕ ಕೆಡಬಾರದೆಂದು ಅವರು ಕೈಗವಸು ಕಳಚಲೇ ಇಲ್ಲ. ಪ್ರಯೋಗಾಲಯದಲ್ಲಿ ಎಲ್ಲವೂ ನಿರ್ದೋಷವಾಗಿತ್ತು, ಏಕೆಂದರೆ ಅಲ್ಲಿ ಹುಬ್ಬಳ್ಳಿಯ ಜನ ಇರಲಿಲ್ಲ.

ಹುಬ್ಬಳ್ಳಿಯ ಜನರಿಗೆ 'ಮುಟ್ಟಿ ನೋಡೋದು' ಎಂಬ ಪದ್ಧತಿಯಿತ್ತು. ಹಿಂದೊಮ್ಮೆ ಯಾರೋ ಬಂದೂಕಿನೊಳಗೆ ಬಿಗಿ ಸ್ಪ್ರಿಂಗ್ ಅಡಗಿಸಿ ಗುಂಡಿನ ವೇಗ ಹೆಚ್ಚಿಸಿದ್ದನಂತೆ. ವೇಗ ಅಳೆಯುವ ಯಂತ್ರ ಅಂಪೈರ್ ಬಳಿಯಿತ್ತು. ಆದರೆ ಅಂಪೈರನನ್ನು ಯಾರು ನಂಬುತ್ತಾರೆ? ಆದ್ದರಿಂದ ಪ್ರತಿ ಪಂದ್ಯಕ್ಕೂ ಮೊದಲು ಒಂದು ಕಡೆಯ ಪ್ರತಿಯೊಬ್ಬನೂ ಇನ್ನೊಂದು ಕಡೆಯ ಪ್ರತಿಯೊಂದು ಬಂದೂಕನ್ನೂ ಬರಿಗೈಯಲ್ಲಿ ಹಿಡಿದು, ಆಕಾಶಕ್ಕೆ ಒಂದು ಗುಂಡು ಹಾರಿಸಿ, ಮೂಗು ಮುರಿದು, ಹಿಂದಿರುಗಿಸುತ್ತಿದ್ದ. ಅಪನಂಬಿಕೆಯಲ್ಲಿ ಆ ಊರಿನವರು ಇಷ್ಟು ಶಿಸ್ತನ್ನು ಬೇರೆ ಯಾವುದರಲ್ಲೂ ತೋರಿಸಿದವರಲ್ಲ.

ಮಹಾಪಂದ್ಯದ ದಿನ ಮುಟ್ಟಿ ನೋಡುವುದೇ ಬಿಸಿಲೇರುವವರೆಗೆ ನಡೆಯಿತು.

"ಇದರ ಕುದುರಿ ಯಾಕ ಇಷ್ಟ ಸಡ್ಲ ಐತಿ?"

"ನಿನ್ನ ಬೆರಳ ಬಿಗಿ ಆಗ್ಯಾವ ನೋಡ್ಕೊ, ದಿನಾ ಒಂದ ಬೆರಳಿಲೆ ಆಡಿ ಆಡಿ."

"ಮಾತ ಸಾಕು, ಕೊಡಿಲ್ಲೆ ಬಂದೂಕ."

ಚನ್ನವೀರ ಅಕ್ಕನ ಬಂದೂಕನ್ನು ಹಿಡಿದ. ಹಿಡಿಕಟ್ಟು ಅವನ ಅಂಗೈಗೆ ತಕ್ಕಂತೆ ಮೆತ್ತಗೆ ಬಾಗಿತು. ಇಂದುಮತಿ ತಮ್ಮನ ಬಂದೂಕನ್ನು ಹಿಡಿದಳು, ಅದೂ ಬಾಗಿತು. ಇಬ್ಬರೂ ಆಕಾಶಕ್ಕೆ ಹಾರಿಸಿದರು. ಆಕಾಶಕ್ಕೆ ಕೈಯಿಲ್ಲ, ಗುಂಡು ಹಾರಿತು. ಇಬ್ಬರೂ ಮೂಗು ಮುರಿದು ಬಂದೂಕು ಹಿಂದಿರುಗಿಸಿದರು.

ಬೆಂಬಳಗಿಯವರು ವೇದಿಕೆಯ ಮೇಲಿನ ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕುಳಿತಿದ್ದರು. ಬಂದೂಕು ಮುಟ್ಟುವುದು ತಮ್ಮ ಅಂತಸ್ತಿಗೆ ಕಡಿಮೆಯೆಂದು ತಿಳಿದ ಅವರು ಜೀವಮಾನದಲ್ಲಿ ಹಿಡಿದದ್ದು ಮೈಕು ಮಾತ್ರ. ಪಕ್ಕದಲ್ಲಿ ಕೈಗವಸು ತೊಟ್ಟ ಕಟ್ಟಿಯವರು. ಪ್ರತಿ ಬಂದೂಕನ್ನೂ ಬರಿಗೈಯಲ್ಲಿ ಹಾರಿಸಿ ವೇಗ ಅಳೆದಿದ್ದ ಅಂಪೈರ್ ಖಾಸೀಮಸಾಬ್ ಬೇಪಾರಿ ಸೀಟಿ ಊದಿದರು.

ಎರಡು ಕಡೆಯವರೂ ಹಳೆಯ ಬಾಯ್ಲರುಗಳ ಹಿಂದೆ, ಮುರಿದ ಗೋಡೆಗಳ ಹಿಂದೆ ಓಡಿದರು, ಬಗ್ಗಿದರು, ತೆವಳಿದರು. ಒಂದು ಗುಂಡೂ ಹಾರಲಿಲ್ಲ. ಟಿಕ್, ಟಿಕ್ ಎಂದು ಖಾಲಿ ಕುದುರೆಗಳ ಸದ್ದು ಮಾತ್ರ ಬಯಲಿನ ತುಂಬ ಕೇಳಿಸುತ್ತಿತ್ತು. ಪ್ರೇಕ್ಷಕರು ಇದೊಂದು ಹೊಸ ತಂತ್ರವೆಂದು ಭಾವಿಸಿ ಸ್ವಲ್ಪ ಹೊತ್ತು ಮೆಚ್ಚಿಕೊಂಡರು.

ದೊಡ್ಡ ಬಾಯ್ಲರಿನ ಮೂಲೆ ತಿರುಗಿದಾಗ ಇಂದುಮತಿಗೆ ಚನ್ನವೀರ ಎದುರಾದ. ಇಬ್ಬರ ನಡುವೆ ಒಂದು ಮಂಚದಷ್ಟು ಅಂತರ. ಅವಳು ಎರಡು ಬೆರಳಿನಿಂದ ಎಳೆದಳು. ಟಿಕ್. ಅವನು ಒಂದು ಬೆರಳಿನಿಂದ ಎಳೆದ. ಟಿಕ್. ಮತ್ತೆ ಎಳೆದರು. ಮುಖವಾಡಗಳೊಳಗೆ ಇಬ್ಬರಿಗೂ ಬೆವರು.

"ಏನ ಮಾಡೀದಿ ನನ್ನ ಬಂದೂಕಿಗೆ?" ಎಂದಳು ಇಂದುಮತಿ. ಪಾಲು ಹಂಚಿಕೆಯಾದ ಮೇಲೆ ಅವಳು ತಮ್ಮನಿಗಾಡಿದ ಮೊದಲ ಮಾತು ಅದು.

"ನಾ ಏನ ಮಾಡ್ಲಿ? ನೀನ ಏನೋ ಮಾಡಿರಬೇಕ ನಂದಕ್ಕ. ಮೊದಲಿಂದ್ಲೂ ಹಂಗ ನೀ."

"ಯಾರು, ನಾನು? ಅಪ್ಪನ ಬಂದೂಕಿಗೆ ತೂತ ಕೊರಿಸಿದವ ಯಾರು?"

"ಅರ್ಧಾ ಬಂದೂಕ ತಗೊಂಡ ಏನ ಪೂಜಾ ಮಾಡಬೇಕಿತ್ತೇನು? ಹಿಡಿಕಟ್ಟ ಕೊಟ್ಟಿದ್ರ ನಾ ಯಾಕ ಕೊರಸ್ತಿದ್ದೆ?"

"ಕೇಳಿದ್ದೇನ ನೀ? ಒಂದ ಸರ್ತಿ, ಯಕ್ಕಾ ಕೊಡು ಅಂದಿದ್ದೇನು?"

ಅವನು ಕೇಳಿರಲಿಲ್ಲ. ಆಕೆಯೂ ಕೇಳಿರಲಿಲ್ಲ.

ಸದ್ದಿಲ್ಲದ ಪಂದ್ಯವನ್ನು ಕಂಡು ಕಟ್ಟಿಯವರು ವೇದಿಕೆ ಇಳಿದು ಮೈದಾನದೊಳಕ್ಕೆ ಬಂದಿದ್ದರು. ಅವರಿಗೆ ಏನಾಗಿದೆಯೆಂದು ಆಗಲೇ ಹೊಳೆಯತೊಡಗಿತ್ತು. ಅದು ಹೊಳೆಯದಿದ್ದರೆ ಚೆನ್ನಾಗಿತ್ತು ಎಂಬ ಭಾವ ಮುಖದ ಮೇಲಿತ್ತು.

"ನೀವು... ಒಬ್ಬರದೊಬ್ಬರು ಬಂದೂಕು ಹಿಡಿದಿದ್ರೇನು? ಎಲ್ಲಾರೂ? ಬರಿಗೈಲೆ?"

"ಹಿಡೀದ ಬಿಡತೀವೇನ್ರಿ? ಇವರನ್ನ ನಂಬೋದ ಹೆಂಗ?" ಎಂದ ಚನ್ನವೀರ.

"ಅಂದರ ಇಲ್ಲಿರೋ ಎಲ್ಲಾ ಬಂದೂಕಿಗೂ ಎಲ್ಲಾರೂ ಒಡೆಯರೇ!" ಕಟ್ಟಿಯವರು ಹಣೆ ಹಿಡಿದುಕೊಂಡರು. "ವೈರಿ ಬಂದೂಕು ಯಾರಾದರೂ ಹಿಡೀತಾರೇನ್ರಿ? ಎಂಥಾ ಊರು ಇದು!"

"ನಿಯತ್ತ ಬೇಕೇನು ಅಂತ ನೀವ ಕೇಳಿದ್ರಿ," ಎಂದು ಇಂದುಮತಿ ಅವರ ಕಡೆ ತಿರುಗಿದಳು. ಬಂದೂಕೂ ಅವಳ ಜೊತೆ ತಿರುಗಿತು. ಬೆರಳುಗಳು ಕುದುರೆಯ ಮೇಲೇ ಇದ್ದವು.

ಥಪ್ ಎಂದಿತು. ವಿಜ್ಞಾನಿಯ ಬಿಳಿ ಅಂಗಿಯ ಮೇಲೆ ನೀಲಿ ಹೂವೊಂದು ಅರಳಿತು.

ಕಟ್ಟಿಯವರು ಎದೆಯನ್ನು ನೋಡಿಕೊಂಡರು, ಬಳಿಕ ಕೈಗವಸನ್ನು. ಬೇಲಿಯಾಚೆಯ ಪ್ರೇಕ್ಷಕರನ್ನು ಬಿಟ್ಟರೆ ಆ ಬಯಲಿನಲ್ಲಿ ಯಾವ ಬಂದೂಕಿಗೂ ಗುರುತಿಲ್ಲದ ಮನುಷ್ಯರು ಇಬ್ಬರೇ ಎಂಬುದು ಅವರಿಗೆ ಹೊಳೆದು ವೇದಿಕೆಯ ಕಡೆ ನೋಡಿದರು. ಅದೇ ಹೊತ್ತಿಗೆ ಮಿಕ್ಕವರೂ ಅತ್ತಲೇ ನೋಡಿದರು. ಬೆಂಬಳಗಿಯವರು ಆಗತಾನೆ ಮೈಕು ಹಿಡಿದು, "ಆಟಗಾರರು ದಯವಿಟ್ಟು ಉತ್ಸಾಹದಿಂದ..." ಎಂದು ಆರಂಭಿಸಿದ್ದರು.

ಓರೆಯವರೂ ನೆಟ್ಟನೆಯವರೂ ಅಂದು ಮೊದಲ ಬಾರಿ ಒಂದೇ ಸಾಲಿನಲ್ಲಿ ನಿಂತರು. ಅಧ್ಯಕ್ಷರ ಹಾರ, ಪಂಚೆ, ಮೈಕು ಎಲ್ಲವೂ ನೀಲಿ ಹಳದಿಯಾಯಿತು. ಪ್ರೇಕ್ಷಕರು ಆ ವರ್ಷದ ಚಪ್ಪಾಳೆಯನ್ನೆಲ್ಲ ಆಗಲೇ ತಟ್ಟಿದರು.

"ಪಂದ್ಯ ರದ್ದು!" ಎಂದು ಬೆಂಬಳಗಿ ಕುರ್ಚಿಯ ಹಿಂದಿನಿಂದ ಕೂಗಿದರು. "ಎರಡೂ ಸಂಘ ಹೊರಗ ಹಾಕ್ತೀನಿ!"

ಖಾಸೀಮಸಾಬರು ಕೊರಳಿನ ಸೀಟಿಯನ್ನು ನಿಧಾನವಾಗಿ ಒರೆಸಿದರು. ಅವರನ್ನು ಎಂದೂ ಯಾರೂ ನಂಬಿರಲಿಲ್ಲ. ಅದರ ಸಿಟ್ಟು ಅವರಲ್ಲಿ ಬಹಳ ದಿನದಿಂದ ಇತ್ತು.

"ನಿಯಮ ಹಂಗಿಲ್ರಿ ಸಾಹೇಬ್ರ," ಎಂದರು. "ಬಣ್ಣ ಬಿದ್ದವರು ಬಯಲು ಬಿಡಬೇಕು. ಬಣ್ಣ ಬೀಳದವರು ಗೆದ್ದಂಗ. ಈ ನಿಯಮಕ್ಕ ಸಹಿ ಮಾಡಿದವರು ನೀವ. ಇವರ ಮೈಮ್ಯಾಲೆ ಒಂದ ಹನಿ ಬಿದ್ದಿಲ್ಲ. ಹಿಂಗಾಗಿ ಬಯಲು ಇಬ್ಬರದೂ. ನೀವಿಬ್ಬರೂ ಈ ಕಡಿ ಬರ್ರಿ, ಹೊರಗ ದಾರಿ ಇಲ್ಲೈತಿ."

ಸೀಟಿ ಊದಿದರು.

ಇಷ್ಟಾದ ಮೇಲೆ ಊರಿಗೆ ಬುದ್ಧಿ ಬಂತೆಂದು ಯಾರಾದರೂ ತಿಳಿದರೆ ಅವರು ಆ ಊರನ್ನು ಬಲ್ಲವರಲ್ಲ. ಯಾರನ್ನೂ ಹೊಡೆಯದ ಬಂದೂಕು ಯಾರಿಗೂ ಬೇಡವಾಯಿತು. ಸಕಲಾನುಗುಣ ಹಿಡಿಕಟ್ಟುಗಳೆಲ್ಲ ಮಹಾಮಂಡಳದ ಉಗ್ರಾಣ ಸೇರಿದವು. ಜನ ಅಟ್ಟದಿಂದ ಹಳೆಯ ಹಿಡಿಕಟ್ಟುಗಳನ್ನಿಳಿಸಿ, ಧೂಳು ಒರೆಸಿ, ಮರುವಾರವೇ ತೂತಿನ ಜಗಳವನ್ನು ಹೊಸ ಹುರುಪಿನಿಂದ ಶುರುಮಾಡಿದರು. ಕಟ್ಟಿಯವರು ಯಾರನ್ನೂ ನೆನಪಿಡದ ಹಿಡಿಕಟ್ಟೊಂದನ್ನು ಕಂಡುಹಿಡಿಯುವ ಯತ್ನದಲ್ಲಿದ್ದರು. ಅಂಥದು ಪೇಟೆಯಲ್ಲಿ ಮೊದಲಿನಿಂದಲೂ ಸಿಗುತ್ತದೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಬೆಳಗ್ಗೆ, ಶಿಷ್ಯೆಯರು ಬರುವ ಮೊದಲು, ಇಂದುಮತಿ ಒಬ್ಬಳೇ ಇದ್ದಾಗ ಚನ್ನವೀರ ಬಯಲಿಗೆ ಬಂದ. ಅದು ಅವನ ಹೊತ್ತಲ್ಲ. ಟವೆಲ್ಲಿನಲ್ಲಿ ಸುತ್ತಿದ್ದ ಬಂದೂಕಿನ ಮೈಯನ್ನು ಬಾಯ್ಲರಿನ ಕಟ್ಟೆಯ ಮೇಲಿಟ್ಟು, ಹಳೆಯ ತೂತುಗಳಲ್ಲಿದ್ದ ಮೇಣವನ್ನು ಸೂಜಿಯಿಂದ ಕೆರೆಯತೊಡಗಿದ.

"ಯಕ್ಕಾ," ಎಂದ, ತಲೆ ಎತ್ತದೆ. "ಕೊಡು."

ಇಂದುಮತಿ ತನ್ನ ಬಂದೂಕಿನ ತಿರುಪು ಬಿಚ್ಚಿ ಅಪ್ಪನ ಹಿಡಿಕಟ್ಟನ್ನು ಮುಂದಿಟ್ಟಳು. ಅದು ಸರಿಯಲಿಲ್ಲ, ಉಬ್ಬಲಿಲ್ಲ, ಯಾರ ಅಂಗೈಗೂ ಬಾಗಲಿಲ್ಲ. ಎರಡು ತಿರುಪು ಹಾಕಿದರೆ ಕೂಡಿಕೊಂಡಿತು.

"ಮೊದಲ ಯಾರು?"

ಚನ್ನವೀರ ಹತ್ತು ಮಾರು ದೂರ ನಡೆದು, ಅವಳಿಗೆ ಬೆನ್ನು ಮಾಡಿ ನಿಂತ. "ಹೊಡಿ. ಕುತಗಿಗೆ ಬ್ಯಾಡ ಮತ್ತ."

ಅಪ್ಪನ ಬಂದೂಕಿಗೆ ಯಾರ ಗುರುತೂ ಇರಲಿಲ್ಲ. ಅವನ ಅಂಗಿಯ ಮೇಲೆ, ಬೆನ್ನಿನ ಎಡಗಡೆಗೆ, ಹಳದಿ ಬಣ್ಣ ಒಡೆದು ಇಳಿಯಿತು.

"ಎಡಕ್ಕ ಎಳೀತೈತಿ ಇದು," ಎಂದ ಅವನು, ಬೆನ್ನು ತಿಕ್ಕಿಕೊಳ್ಳುತ್ತ.

"ಅಪ್ಪನ ಕಾಲದಾಗೂ ಎಳೀತಿತ್ತು."

"ಹೂಂ. ಈಗ ನಂದ ಪಾಳೇ, ಕೊಡಿಲ್ಲೆ."

"ಕೊಡತೀನಿ," ಎಂದಳು ಇಂದುಮತಿ, ಇನ್ನೊಂದು ಗುಂಡು ತುಂಬುತ್ತ. "ಮೊದಲ ಓಡು."