ಮುಚ್ಚಳ ಹಿಡಿದ ಚಿನಕುರಳಿ

“ಶನಿವಾರ ಈಜುಕೊಳ ತೆಗೀತೀರೋ ಇಲ್ವೋ? ಒಂದೇ ಮಾತಲ್ಲಿ ಹೇಳಿ ಮೇಡಂ!”

ದಪ್ಪ ಮೀಸೆಯ ಸದಸ್ಯರೊಬ್ಬರು ಗುಡುಗಿದ ರಭಸಕ್ಕೆ ನಗರಸಭೆಯ ಫ್ಯಾನು ಹಿಂದುಮುಂದಾಗಿ ತಿರುಗಿತು. ನಂಬದಿದ್ದರೆ ಬಿಡಿ, ನಷ್ಟ ನಿಮಗೇ.

ಕೊನೆಯ ಬೆಂಚಿನಲ್ಲಿದ್ದ ಚಿನಕುರಳಿ ಉಸಿರು ಬಿಗಿಹಿಡಿದಳು. ಮೇಡಂ ಅಂದರೆ ಅವಳ ಅಮ್ಮ. ಮೊದಲು ನೀರಿನ ಲ್ಯಾಬಿನಲ್ಲಿ ವಿಜ್ಞಾನಿ. ಈಗ ಚುನಾವಣೆ ಗೆದ್ದು ನಗರಸಭೆಯ ಅಧ್ಯಕ್ಷೆ. ಕೊಳದ ನೀರಿನಲ್ಲಿ ಕೆಟ್ಟ ಕ್ರಿಮಿ ಸಿಕ್ಕಿತೆಂದು ಬೀಗ ಹಾಕಿಸಿದ್ದೂ ಅವಳೇ.

ಚಿನಕುರಳಿಯೋ, “ಶನಿವಾರ ಪಕ್ಕಾ ಓಪನ್! ನಾನು ಹೇಳಿದ್ರೆ ನಮ್ಮಮ್ಮ ಇಲ್ಲ ಅನ್ನಲ್ಲ” ಎಂದು ಇಡೀ ಕ್ಲಾಸಿಗೆ ಮಾತು ಕೊಟ್ಟುಬಿಟ್ಟಿದ್ದಳು. ಕ್ಲಾಸಿಗೆ ಕ್ಲಾಸೇ ಟವೆಲ್ಲು ಮಡಚಿಟ್ಟು ಕಾಯುತ್ತಿತ್ತು.

ಅಮ್ಮ ಮೈಕಿನತ್ತ ಬಾಗಿದಳು. “ಗೊತ್ತಿಲ್ಲ.”

ಸಭೆ ನಕ್ಕ ನಗುವಿಗೆ ಬೀದಿನಾಯಿಗಳೆಲ್ಲ ಊರು ಬಿಟ್ಟವು.

“ವಿಜ್ಞಾನಿ ಅಂತ ಓಟು ಹಾಕಿದ್ವಿ. ಇವರಿಗೇ ಗೊತ್ತಿಲ್ವಂತೆ!” ಎಂದರು ಮೀಸೆಯವರು.

“ಕೊಳ ತೊಳೆಸಿ ಹೊಸ ನೀರು ತುಂಬಿಸಿದ್ದೀವಿ. ಇವತ್ತು ಸ್ಯಾಂಪಲ್ ತಗೊಂಡ್ರೆ ನಾಳೆ ಶುಕ್ರವಾರ ಸಂಜೆ ಹೇಳಬಹುದು. ಕ್ರಿಮಿಗಳು ನನ್ನ ಪಾರ್ಟಿಯವಲ್ಲ ಸಾರ್, ನನ್ನ ಮಾತು ಕೇಳಲ್ಲ!”

ಈ ಸಲ ಮೀಸೆಯವರೂ ನಕ್ಕರು. ಚಿನಕುರಳಿ ನಗಲಿಲ್ಲ.

ಸಭೆ ಮುಗಿಸಿ ಅಮ್ಮ ಮಗಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರನ್ನು ನೇರ ಈಜುಕೊಳಕ್ಕೇ ಓಡಿಸಿದಳು. ಗೇಟಿನ ಹತ್ತಿರ ಚಿನಕುರಳಿಯ ಕ್ಲಾಸಿನ ಡುಮ್ಮ ಕಾದು ನಿಂತಿದ್ದ.

“ಆಂಟಿ, ಶನಿವಾರ ಓಪನ್ ಅಲ್ವಾ?”

“ಈ ಬಾಟ್ಲೀನೇ ಕೇಳೋಣ ಬಾ,” ಎಂದಳು ಅಮ್ಮ. ಲ್ಯಾಬಿನಲ್ಲಿ ಕ್ರಿಮಿಯೆಲ್ಲ ಸಾಯುವಂತೆ ಬಿಸಿ ಮಾಡಿ ತಂದ ಬಾಟಲಿ ಅದು. ಇದ್ದದ್ದು ಒಂದೇ. “ಪುಟ್ಟಿ, ಮುಚ್ಚಳ ಹಿಡ್ಕೋ. ಒಳಗೆ ಬೆರಳು ತಾಕಿಸ್ಬೇಡ. ನಿನ್ನ ಕೈಯ ಕ್ರಿಮಿ ಸೇರಿಬಿಟ್ರೆ ಈ ಸ್ಯಾಂಪಲ್ ನಂಬೋ ಹಾಗಿಲ್ಲ.”

ಅಮ್ಮ ಬಗ್ಗಿ ನೀರು ತುಂಬಿಸತೊಡಗಿದಳು. ಆಗಲೇ ಆನೆ ಗಾತ್ರದ ಒಂದು ಸೊಳ್ಳೆ ಚಿನಕುರಳಿಯ ಮೂಗಿಗೆ ಕಚ್ಚಿತು. ಕೈ ಜಾರಿತು. ಹೆಬ್ಬೆರಳು ಮುಚ್ಚಳದ ಒಳಗಿತ್ತು!

ಅಮ್ಮ ನೋಡಿರಲಿಲ್ಲ. ಡುಮ್ಮ ನೋಡಿದ್ದ.

“ಶ್! ಸುಮ್ನಿರೇ,” ಎಂದು ಪಿಸುಗುಟ್ಟಿದ. “ಹೇಳಿದ್ರೆ ಶನಿವಾರ ಕೈ ತಪ್ಪಿದ ಹಾಗೇನೇ.”

ಅಮ್ಮ ಮುಚ್ಚಳಕ್ಕೆ ಕೈ ಚಾಚಿದಳು. ಚಿನಕುರಳಿ ಕೊಡಲಿಲ್ಲ.

“ಅಮ್ಮಾ... ಬೆರಳು ತಾಕಿಬಿಡ್ತು. ಒಳಗಡೆ.”

ಅಮ್ಮ ಬಾಟಲಿಯ ನೀರನ್ನು ಚರಂಡಿಗೆ ಸುರಿದಳು. “ಬೇರೆ ಬಾಟ್ಲಿ ಸಿಗೋದು ನಾಳೆ ಬೆಳಿಗ್ಗೆ. ಆಮೇಲೆ ಲ್ಯಾಬಿಂದ ರಿಪೋರ್ಟ್ ಬರೋಷ್ಟರಲ್ಲಿ ಶನಿವಾರ ಸಂಜೆಯಾಗುತ್ತೆ. ಶನಿವಾರ ಆಗಲ್ಲ ಪುಟ್ಟಿ.”

“ಹೋಯ್ತು!” ಡುಮ್ಮ ತಲೆ ಮೇಲೆ ಕೈ ಹೊತ್ತ. “ಕ್ಲಾಸಲ್ಲಿ ಏನಂತ ಹೇಳ್ತೀಯೇ ಈಗ?”

“ನನ್ನ ಬೆರಳು ತಾಕ್ತು ಅಂತ.”

ಬೆಟ್ಟದಷ್ಟು ಮಾತಾಡುವ ಚಿನಕುರಳಿಯ ಬಾಯಿಂದ ಅಷ್ಟೇ ಬಂದದ್ದು.

ಅಮ್ಮ ಸ್ಕೂಟರಿನ ಕೀಲಿ ತಿರುಗಿಸುತ್ತಾ ಕೇಳಿದಳು: “ಬೆಳಿಗ್ಗೆ ಸ್ಕೂಲಿಗೆ ಮುಂಚೆ ಇಲ್ಲಿಗೆ ಬರ್ತೀನಿ. ಮುಚ್ಚಳ ಹಿಡ್ಕೊಳ್ಳೋಕೆ ನನಗೆ ನೀನೇ ಬೇಕು. ಏಳ್ತೀಯಾ?”