ಸೌಂದರ್ಯಳ ಹೆಸರಿನ ಕಟ್ಟು

ಕಳ್ಳರ ನಾಲಿಗೆ ಬಿದ್ದುಹೋಗಲೆಂದು ಬಾಳೂರಿನ ಮೆಣಸಿನ ಬಳ್ಳಿಗಳಿಗೆ ಮಂತ್ರದ ಕಟ್ಟು ಹಾಕುವವನು ದಾಸಯ್ಯ. ಅವನು ಮಲ್ಲೇಶನನ್ನು ಕಾಫಿ ಕಣದಲ್ಲಿ ತಡೆದು ನಿಲ್ಲಿಸಿದ.

“ಸೌಂದರ್ಯ ಅಮ್ಮೋರನ್ನ ಮುಟ್ಟಬೇಡಿ ಮಾರಾಯ್ರೆ. ಮದುವೆ ಆದ ವಾರವೇ ಶಶಿಧರ್ ಸಾವ್ಕಾರ್ರು ಅವ್ರ ಕೂದ್ಲು ತಂದ್ಕೊಟ್ಟು ಕಟ್ಟು ಹಾಕ್ಸಿದಾರೆ.”

“ಹೆಂಗಸೇನು ಮೆಣಸಿನ ಬಳ್ಳಿಯಾ?” ಮಲ್ಲೇಶ ನಕ್ಕುಬಿಟ್ಟ. ಕಾಫಿ ಕೊಳ್ಳಲು ಅರಸೀಕೆರೆಯಿಂದ ಬಂದ ಏಜೆಂಟ್ ಅವನು, ಮಾಟವೆಂದರೆ ತಮಾಷೆ. ಗೋದಾಮಿನ ಬಾಗಿಲಲ್ಲಿದ್ದ ಶಶಿಧರನ ಹೆಂಡತಿ ಸೌಂದರ್ಯ ಆ ಮಾತು ಕೇಳಿಸಿಕೊಂಡಳು. ಆ ಒಂದು ಮಾತಿಗೇ ಸೋತಳು.

ಅಂದು ಸಂಜೆ ಗೋದಾಮಿನಲ್ಲಿ ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ಸಂದಿನ ಕತ್ತಲು. ಗೋಣಿಯ ಮುಗ್ಗಲು ವಾಸನೆ. ಅವನು ಅವಳ ಕೈ ಹಿಡಿದ. ಹೆಸರು ಹಿಡಿದು ಕರೆಯಹೋದ. ಅರ್ಧಕ್ಕೇ ನಿಂತಿತು. ನಾಲಿಗೆ ಊದಿತು. ಕಪ್ಪಾಯಿತು. ಗಂಟಲಿನಿಂದ ಗೊರಗೊರ ಸದ್ದು. ಅವಳು ಅವನನ್ನು ಹೇಗೋ ಮನೆಯ ಕೆಳಗಿನ ದಾಸಯ್ಯನ ಗುಡಿಸಲಿಗೆ ಎಳೆದು ತಂದಳು.

ಕಟ್ಟು ಬಿಚ್ಚಬಲ್ಲವಳು ಕೂದಲಿನವಳೇ, ಆದರೆ ಬಿಚ್ಚಿದ್ದು ಬರಿಗೈಯಲ್ಲಿ ಹೋಗುವುದಿಲ್ಲ, ಹಾಕಿಸಿದವನ ನಾಲಿಗೆಗೇ ಹೋಗುತ್ತದೆ ಎಂದ ದಾಸಯ್ಯ. ಗಂಡನೋ, ಇವನೋ?

ಗಂಡನ ನಾಲಿಗೆ ಕೀಳಲು ಅವಳಿಗೆ ಮನಸ್ಸಾಗಲಿಲ್ಲ. ಮನೆಗೆ ಹೋಗಿ, ನನಗೆ ಕಟ್ಟು ಯಾಕೆ ಹಾಕಿಸಿದಿರಿ ಎಂದು ಒಮ್ಮೆ ಕೇಳಿದಳು. ಶಶಿಧರ್ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಬೇಲಿ ಇಲ್ದಿದ್ರೆ ದನ ನುಗ್ತಾವೆ.”

ಅವಳ ಮೈಯೆಲ್ಲ ಉರಿದುಹೋಯಿತು. ಥೂ, ಇಂಥವನಿಗೆ ಕನಿಕರ ಬೇರೆ ಕೇಡು. ಗುಡಿಸಲಿಗೆ ಬಂದವಳೇ, ತನ್ನ ಕೂದಲು ಸೇರಿಸಿ ದಾಸಯ್ಯ ಕಟ್ಟಿದ್ದ ಕರಿದಾರದ ಗಂಟನ್ನು ಹಲ್ಲಿನಿಂದ ಕಡಿದಳು. ಸುಟ್ಟ ಕೂದಲಿನ ನಾತ ಎದ್ದಿತು. ಮೇಲಿನ ಮನೆಯಲ್ಲಿ ತಟ್ಟೆ ಬಿತ್ತು. ಒಂದು ಕೂಗು. ಆಮೇಲೆ ಅದೇ ಗೊರಗೊರ.

ಮಲ್ಲೇಶ ಎದ್ದು ಕುಳಿತ. ಬಾಯಿ ಒರೆಸಿಕೊಂಡ. ಅವಳ ಮುಖವನ್ನೂ ನೋಡಲಿಲ್ಲ.

“ಭಾರೀ ಜೋರಾಗಿದೆಯಲ್ಲಯ್ಯ ನಿನ್ನ ಮಂತ್ರ. ಇನ್ಮೇಲೆ ಇವಳು ನನ್ನವಳು. ನನ್ನ ಹೆಸರಲ್ಲಿ ಒಂದು ಕಟ್ಟು ಹಾಕಿಬಿಡು.”

ಇವನಿಗಾಗಿ ಒಬ್ಬನ ಬಾಯಿ ಕಟ್ಟಿದೆನಲ್ಲ ಎಂದು ಅವಳು ಹಲ್ಲು ಕಚ್ಚಿದಳು. ತಲೆಯಿಂದ ಒಂದು ಎಳೆ ಕಿತ್ತು ದಾಸಯ್ಯನ ಮುಂದೆ ಹಿಡಿದಳು.

“ಹಾಕು ದಾಸಯ್ಯ. ಹಾಕಿಸ್ತಿರೋಳು ನಾನು. ನನ್ನ ಹೆಸರಲ್ಲೇ ಹಾಕು.”

ಮುದುಕ ಕರಿದಾರ ಕೈಗೆತ್ತಿಕೊಂಡ. ಹಾಗೆ ಹಾಕಿದರೆ ಯಾರು ಮುಟ್ಟಿದರೂ ಬಿಡುವುದಿಲ್ಲ, ತಿಳಿದವರು ತಿಳಿಯದವರು ಎಂಬ ಭೇದವಿಲ್ಲ ಎಂದ. ಹಾಕು ಎಂದಳು. ಗಂಟು ಬಿಗಿಯಿತು. ತನಗೆ ಅದು ತಾಗದೆಂಬ ಧೈರ್ಯದಲ್ಲಿ ಮಲ್ಲೇಶ ನಗುತ್ತಾ ಅವಳ ಭುಜ ಹಿಡಿದ.

ಆ ನಗು ಅರ್ಧಕ್ಕೇ ಗೊರಗೊರವಾಯಿತು.

ಮರುದಿನ ಬೆಳಿಗ್ಗೆ ಕಳಸದ ಬಸ್ಸಿನಲ್ಲಿ ಸೌಂದರ್ಯ ಕಿಟಕಿಗೆ ಒತ್ತಿಕೊಂಡು ಒಬ್ಬಳೇ ಕುಳಿತಿದ್ದಳು. ಕಂಡಕ್ಟರ್ ಟಿಕೆಟ್ ಹರಿದು ಕೈ ಚಾಚಿದ.

“ಕೈಗೆ ಬೇಡ ಅಣ್ಣ,” ಎಂದಳು. “ಸೀಟಿನ ಮೇಲಿಡಿ.”