ಒರಗುದಿಂಬಿನ ಕಪ್ಪು ಹೊಲಿಗೆ

ಹಾಸಿಗೆಯ ಮೂರು ಮೂಲೆಗಳನ್ನು ಮಡಿಸಿಯಾಗಿತ್ತು. ನಾಲ್ಕನೆಯದರ ಸುಕ್ಕನ್ನು ಅಂಗೈಯಿಂದ ಸವರಿ, ಚಾದರವನ್ನು ಬಿಗಿಯಾಗಿ ಎಳೆದು ಅಡಿಗೆ ತುರುಕುತ್ತಿದ್ದಾಗ ಬಾಗಿಲಲ್ಲಿ ಯಾರೋ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು.

"ಅಮ್ಮಾ, ಅದು ನನ್ನ ಕೆಲಸ. ನೀವು ರಜಾ ಕಳೆಯೋಕೆ ಬಂದವರು," ಎಂದಳು ಆ ವಿಲ್ಲಾ ನೋಡಿಕೊಳ್ಳುತ್ತಿದ್ದ ಹೆಂಗಸು.

"ರಜಾ ನನ್ನ ಮಗಳಿಗೆ. ಈ ಕೈಗಳಿಗೆ ಯಾರೂ ರಜಾ ಕೊಟ್ಟಿಲ್ಲ ತಾಯಿ."

ಊರಲ್ಲಿ ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಪರರ ಬಟ್ಟೆಗಳ ಅಂಚು ಸರಿಮಾಡಿದವಳಿಗೆ ಸಮುದ್ರದ ಎದುರಿನ ಈ ಮನೆಯಲ್ಲಿ ಸುಮ್ಮನೆ ಕೂರುವುದು ಹೇಗೆಂದೇ ತಿಳಿಯುತ್ತಿರಲಿಲ್ಲ. ಬಂದ ಮೊದಲ ದಿನವೇ ಪರದೆಗಳ ಮಡಿಕೆ ನೋಡಿದ್ದಳು, ಟವೆಲುಗಳ ಅಂಚು ನೋಡಿದ್ದಳು. ಎಲ್ಲವೂ ಅಚ್ಚುಕಟ್ಟು. ಕಿಟಕಿಯ ಪಕ್ಕದ ಆಸನದ ಮೇಲಿದ್ದ ಬಿಳಿಯ ಒರಗುದಿಂಬು ಮಾತ್ರ ಕಣ್ಣಿಗೆ ಕಸ ಬಿದ್ದಂತೆ ಚುಚ್ಚುತ್ತಿತ್ತು. ಅಷ್ಟು ನುಣುಪಾದ ಬಟ್ಟೆಗೆ ಕಪ್ಪು ದಾರ. ಅದೂ ಸೊಟ್ಟ ಹೊಲಿಗೆ. ಕುರುಡರು ಹೊಲಿದ ಹಾಗಿತ್ತು.

ನೋಡಿಕೊಳ್ಳುವವಳ ಕಣ್ಣೂ ಈಗ ಅದರ ಮೇಲೆಯೇ ಇತ್ತು.

"ಆ ದಿಂಬಿನ ಹೊಲಿಗೆ ಒಂದು ಬಿಚ್ಚಬೇಡಿ ಅಮ್ಮಾ."

"ಯಾಕಂತೆ?"

"ಒಳಗೆ ಮಾಟ ಇದೆ. ಬಾಯಿಕಟ್ಟು." ಅವಳು ದನಿ ತಗ್ಗಿಸಲಿಲ್ಲ. ಒಪ್ಪಿಸಿಯೊಪ್ಪಿಸಿ ಬಾಯಿಪಾಠವಾದ ಪದ್ಯದಂತೆ ಹೇಳಿದಳು. "ಬಿಚ್ಚಿದವರಿಗೆ ಒಳ್ಳೇದಾಗಲ್ಲ."

ಟೈಲರಮ್ಮ ಹಾಸಿಗೆಯ ಅಂಚಿಗೆ ಕೂತು ನಕ್ಕಳು. ಹೊಟ್ಟೆ ಕುಲುಕುವಂತೆ ನಕ್ಕಳು. "ಅಯ್ಯೋ, ಅಂಥ ಮಾಟ ಇದ್ದಿದ್ರೆ ನನ್ನ ಗಿರಾಕಿಗಳಿಗೆ ಯಾವತ್ತೋ ಮಾಡಿಸ್ತಿದ್ದೆ ಕಣಮ್ಮ! ಒಂದು ತೋಳಿಗೆ ಮೂರು ಸಲ ಅಳತೆ ಬದಲಾಯಿಸ್ತಾರೆ."

ಪಕ್ಕದ ಕೋಣೆಯಿಂದ ಮಗಳು ಕೂಗಿದಳು. "ಮೊದಲು ನಿನಗೇ ಮಾಡಿಸ್ಬೇಕು ಅಮ್ಮಾ! ಬೆಳಗ್ಗೆ ಐದಕ್ಕೇ ಶುರು ಹಚ್ಕೊಳ್ತೀಯ."

"ನನ್ನ ಬಾಯಿ ಕಟ್ಟಿದ್ರೆ ನಿನ್ನ ಎಬ್ಬಿಸೋರು ಯಾರೇ, ಲಾಯರಮ್ಮ?"

ನೋಡಿಕೊಳ್ಳುವವಳು ನಗಲಿಲ್ಲ. ಟೈಲರಮ್ಮನ ನಗು ಪೂರ್ತಿ ನಿಲ್ಲುವವರೆಗೆ ಕಾದಳು. ಅಳತೆ ತೆಗೆದುಕೊಳ್ಳುವವರು ಟೇಪು ಹಿಡಿದು ನಿಲ್ಲುವಂತೆ ನಿಂತಿದ್ದಳು. ಆಮೇಲೆ ಹೊರಟಳು. ಅವಳ ಹಿಂದೆ, ಒಗೆದ ಚಾದರಗಳ ಗಂಟು ಹೊತ್ತ ಅವಳ ಮಗಳು. ವಯಸ್ಸು ಇಪ್ಪತ್ತರ ಆಸುಪಾಸು. ಈ ಹುಡುಗಿ ಮಾತಾಡುವುದನ್ನು ಬಂದಾಗಿನಿಂದ ಅವರು ಕೇಳಿರಲಿಲ್ಲ.

"ಹುಟ್ಟಿದಾಗಿಂದ ಹೀಗೇನಾ?" ಟೈಲರಮ್ಮ ಮೆಲ್ಲಗೆ ಕೇಳಿದ್ದಳು ಹಿಂದಿನ ಸಂಜೆ.

"ಇಲ್ಲಮ್ಮ. ನಾಲ್ಕು ವರ್ಷದಿಂದ," ಎಂದಷ್ಟೇ ಉತ್ತರ ಬಂದಿತ್ತು.

ಟೈಲರಮ್ಮನ ಮಗಳಿಗೆ ಮಾತೆಂದರೆ ಉಸಿರಾಟ. ಹಲ್ಲು ಬರುವ ಮೊದಲೇ ಮಾತು ಬಂದಿತ್ತು. ತಾಯಿಯಾದವಳು ತನ್ನ ಬಾಳಿನಲ್ಲಿ ನುಂಗಿಕೊಂಡ ಮಾತುಗಳಿಗೆ ಲೆಕ್ಕವಿರಲಿಲ್ಲ. ಗಂಡನ ಎದುರು, ಅತ್ತೆಯ ಎದುರು, ಗಿರಾಕಿಗಳ ಎದುರು, ಎಲ್ಲೆಲ್ಲೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತಲೆಯಾಡಿಸಿಯೇ ದಿನ ದೂಡಿದ್ದಳು. ಹೆಂಡತಿಯನ್ನು ಬಿಟ್ಟುಹೋದ ದಿನ ಗಂಡ ಏನೇನೋ ಅಂದಿದ್ದ, ಅವಳು ಯಂತ್ರ ತುಳಿಯುತ್ತಲೇ ಇದ್ದಳು. ಆಗ ಒಂಬತ್ತು ವರ್ಷದ ಮಗಳು ಬಾಗಿಲಿಗೆ ಅಡ್ಡ ನಿಂತು, "ನಮ್ಮಮ್ಮನ ತಪ್ಪು ಏನು ಅಂತ ಹೇಳಿ ಹೋಗಿ," ಎಂದು ಕೇಳಿದ್ದಳು. ಅವತ್ತೇ ಟೈಲರಮ್ಮ ಮಗಳನ್ನು ವಕೀಲೆ ಮಾಡಬೇಕೆಂದು ಗಟ್ಟಿ ಮಾಡಿಕೊಂಡಿದ್ದು. ಬರುವ ಸೋಮವಾರ ಅವಳು ಮೊದಲ ಬಾರಿಗೆ ನ್ಯಾಯಾಧೀಶರ ಮುಂದೆ ಒಬ್ಬಳೇ ನಿಂತು ವಾದಿಸಬೇಕಿತ್ತು. ಅದಕ್ಕೆ ಮುಂಚೆ ಅಮ್ಮನಿಗೆ ನಾಲ್ಕು ದಿನ ಸಮುದ್ರ ತೋರಿಸುತ್ತೇನೆಂದು ಹಟ ಹಿಡಿದು ಈ ವಿಲ್ಲಾ ಹಿಡಿದಿದ್ದಳು. ಬಂದ ದಿನವೇ ನೋಡಿಕೊಳ್ಳುವವಳ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. "ನಮ್ಮಮ್ಮನ ಕಣ್ಣಿಗೆ ಒಂದು ಸೊಟ್ಟ ಹೊಲಿಗೆ ಬೀಳಬಾರದು ಆಂಟಿ. ಬಿದ್ರೆ ಬಿಚ್ಚಿ ಹಾಕೋವರೆಗೂ ಊಟ ಸೇರಲ್ಲ!"

ಮೂರನೆಯ ದಿನ ನಡುಮಧ್ಯಾಹ್ನ. ಹೊರಗೆ ಮರಳು ಕಾದ ಬಾಣಲೆಯಂತೆ ಹೊಳೆಯುತ್ತಿತ್ತು. ಮೇಲಿನ ಉಪ್ಪರಿಗೆಯಲ್ಲಿ ಮಗಳು ಸಮುದ್ರವನ್ನೇ ನ್ಯಾಯಾಧೀಶರೆಂದುಕೊಂಡು ವಾದ ಅಭ್ಯಾಸ ಮಾಡುತ್ತಿದ್ದಳು. "ಮಾನ್ಯರೇ, ನನ್ನ ಕಕ್ಷಿದಾರಳು..." ಮತ್ತೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, "ಮಾನ್ಯರೇ..."

ಕೆಳಗೆ ಟೈಲರಮ್ಮ ಆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಿಚ್ಚಿ, ಬಿಳಿ ದಾರದಲ್ಲಿ ಕಣ್ಣಿಗೆ ಕಾಣದಂತೆ ಹೊಲಿದುಬಿಟ್ಟರೆ ಐದು ನಿಮಿಷದ ಕೆಲಸ. ಪಾಪ, ಆ ಹೆಂಗಸಿಗೂ ಭಯ ಬಿಡುತ್ತದೆ. ಕೈಚೀಲದಿಂದ ಪುಟ್ಟ ಕತ್ತರಿ ತೆಗೆದಳು.

ಮೊದಲ ಹೊಲಿಗೆ ಕತ್ತರಿಸಿದಳು.

ವಾಸನೆ ಬಂತು. ಹತ್ತಿಯದಲ್ಲ, ಉಪ್ಪಿನದೂ ಅಲ್ಲ. ಬಹಳ ಹೊತ್ತು ಮುಚ್ಚಿದ ಬಾಯಿಯೊಂದು ತೆರೆದಾಗ ಬರುವ ಹುಳಿ ಉಸಿರು. ಮುಖ ಪಕ್ಕಕ್ಕೆ ತಿರುಗಿಸಿ ಎರಡನೆಯದನ್ನು ಕತ್ತರಿಸಿದಳು. ಮೂರನೆಯದನ್ನು. ದಾರದ ತುದಿ ಹಿಡಿದು ಎಳೆದರೆ ಅದು ಬಂತು, ಬರುತ್ತಲೇ ಇತ್ತು. ಮೊಳ, ಎರಡು ಮೊಳ. ಒದ್ದೆಯಾಗಿತ್ತು. ಬೆಚ್ಚಗಿತ್ತು. ಅದು ದಾರವಲ್ಲ, ಹೊಸೆದ ಕೂದಲು ಎಂದು ಬೆರಳಿಗೆ ತಿಳಿಯಿತು, ಮನಸ್ಸು ಒಪ್ಪಲಿಲ್ಲ. ಕೊನೆಗೆ ಏನೋ ಸಿಕ್ಕಿಕೊಂಡಿತು. ಹತ್ತಿಯೊಳಗೆ ಕೈ ಹಾಕಿ ಹೊರತೆಗೆದಳು.

ಹೆಬ್ಬೆರಳಿನಷ್ಟು ದೊಡ್ಡ ಬಟ್ಟೆಯ ಗೊಂಬೆ. ಹೆಣ್ಣುಗೊಂಬೆ. ಕಣ್ಣಿಲ್ಲ, ಮೂಗಿಲ್ಲ. ಬಾಯಿ ಮಾತ್ರ ಇತ್ತು. ಆ ಬಾಯಿಯನ್ನು ಅದೇ ಕೂದಲಿನಿಂದ ಹೊಲಿಯಲಾಗಿತ್ತು. ದಾರವನ್ನು ಅವಳು ಎಳೆದಿದ್ದರಿಂದ ಹೊಲಿಗೆ ಒಂದೊಂದಾಗಿ ಸಡಿಲವಾಗುತ್ತಿತ್ತು. ಬಟ್ಟೆಯ ತುಟಿಗಳು ಬಿರಿದವು.

ಗೊಂಬೆ ಉಸಿರೆಳೆದುಕೊಂಡಿತು.

ಗರ್ರನೆ ಸದ್ದಾಯಿತು. ಕಿಟಕಿಗಳ ಲೋಹದ ಶಟರುಗಳು ಯಾರೂ ಮುಟ್ಟದೆ ಇಳಿಯತೊಡಗಿದವು. ಒಂದು, ಎರಡು, ನಾಲ್ಕು. ಬಿಸಿಲಿನ ಕೊನೆಯ ಗೆರೆ ನೆಲದ ಮೇಲೆ ತೆಳ್ಳಗಾಗಿ, ದಾರದಷ್ಟಾಗಿ, ಇಲ್ಲವಾಯಿತು. ನಡುಹಗಲು ಬಾವಿಯೊಳಗಿನ ಕತ್ತಲಾಯಿತು. ಅಲೆಗಳ ಸದ್ದು ನಿಂತಿತು. ಮೇಲೆ ಮಗಳ ದನಿ ಮಾತ್ರ ಕೇಳುತ್ತಿತ್ತು.

"ಮಾನ್ಯರೇ, ನನ್ನ ಕಕ್ಷಿದಾರಳು ಇಷ್ಟು ವರ್ಷ ಯಾಕೆ ಸುಮ್ಮನಿದ್ದಳು ಅಂದರೆ..."

ದನಿ ಕಡಿಯಿತು. ನಿಂತದ್ದಲ್ಲ. ಕತ್ತರಿಸಿದ ಹಾಗೆ ಕಡಿಯಿತು.

"ಮಗಾ?"

ಏಳಬೇಕೆಂದುಕೊಂಡಳು. ಕಾಲು ಕೇಳಲಿಲ್ಲ. ಕೈಗಳು ಮಾತ್ರ ಆಡುತ್ತಿದ್ದವು. ಅವು ಏನು ಮಾಡುತ್ತಿವೆ? ಬೆರಳ ನಡುವೆ ಸೂಜಿ. ತಾನು ತೆಗೆದ ನೆನಪಿಲ್ಲ. ಸೂಜಿ ಚುಚ್ಚಿತು, ಎಳೆಯಿತು. ಚುಚ್ಚಿತು, ಎಳೆಯಿತು. ಸರಕ್. ಸರಕ್. ಬೇಡ ಎಂದಳು. ಕೈ ನಿಲ್ಲಲಿಲ್ಲ. ಬೆರಳಿಗೆ ಚುಚ್ಚಿಕೊಂಡಳು. ನಿಲ್ಲಲಿಲ್ಲ. ಪುಟ್ಟ ತುಟಿಗಳು ಅವಳ ಹೆಬ್ಬೆರಳಿನ ಅಡಿಯಲ್ಲಿ ಮಿಸುಕಿದವು. ಮಗಳು ಮೊದಲ ಸಲ ಹಾಲು ಕುಡಿದಾಗ ಮಿಸುಕಿದ ಹಾಗೆ. ಅವಳ ಕೈಯೇ ಅವನ್ನು ಒತ್ತಿ ಹಿಡಿದು ಹೊಲಿಯಿತು. ಸರಕ್. ಸರಕ್. ಗಂಟು.

ಶಟರುಗಳು ಏರಿದವು. ಬಿಸಿಲು ಮುಖಕ್ಕೆ ಬಡಿಯಿತು. ತೊಡೆಯ ಮೇಲೆ ದಿಂಬು, ಬಾಯಿ ಮುಚ್ಚಿಕೊಂಡು, ಕಪ್ಪು ಹೊಲಿಗೆ ಹಾಕಿಸಿಕೊಂಡು ಕೂತಿತ್ತು. ಬಾಳಿನಲ್ಲೇ ಸೊಟ್ಟ ಹೊಲಿಗೆ ಹಾಕದವಳ ಕೈಯಿಂದ ಬಂದ ಸೊಟ್ಟ ಹೊಲಿಗೆ.

ಮೆಟ್ಟಿಲಲ್ಲಿ ಮಗಳು ನಿಂತಿದ್ದಳು. ಬಾಯಿ ತೆರೆದಳು. ಅಮ್ಮಾ ಎನ್ನಲು ಹೊರಟಳೆಂದು ತುಟಿಯಿಂದ ತಿಳಿಯಿತು. ಗಂಟಲಿನಿಂದ ಬಂದದ್ದು ಬಟ್ಟೆಯಲ್ಲಿ ದಾರ ಎಳೆದ ಸದ್ದು.

ಸರಕ್.

ಟೈಲರಮ್ಮ ಚೀರುತ್ತ ಹಿತ್ತಲಿಗೆ ಓಡಿದಳು. "ಬಾರಮ್ಮಾ, ಬೇಗ ಬಾ, ನನ್ನ ಮಗಳಿಗೆ ಏನೋ ಆಗಿದೆ!"

ಚಾದರಗಳು ಗಾಳಿಗೆ ಪಟಪಟಿಸುತ್ತಿದ್ದವು. ಅವುಗಳ ಹಿಂದಿನಿಂದ ಒಂದು ಹೆಣ್ಣುದನಿ ಬರುತ್ತಿತ್ತು. ಒರಟಾದ, ತುಕ್ಕು ಹಿಡಿದ ದನಿ. "ಅಮ್ಮಾ, ಬಕೆಟ್ಟು ಅಂತ ಅಂದೆ, ಕೇಳಿಸ್ತಾ? ಬಕೆಟ್ಟು. ನೀರು. ಬಿಸಿಲು. ಕಾಗೆ. ಅಮ್ಮಾ, ನೋಡು, ಕಾಗೆ ಅಂತ ಅಂದೆ." ಮೂಕ ಹುಡುಗಿ ನಗುತ್ತ ಅಳುತ್ತ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು. ಅವಳ ತಾಯಿ ಒದ್ದೆ ನೆಲದ ಮೇಲೆ ಮಂಡಿಯೂರಿ, ಮಗಳ ಸೊಂಟ ತಬ್ಬಿಕೊಂಡಿದ್ದಳು.

ಟೈಲರಮ್ಮನನ್ನು ಕಂಡು ಅವಳು ತಲೆ ತಗ್ಗಿಸಿದಳು. ಓಡಿಹೋಗಲಿಲ್ಲ.

"ಏನು ಮಾಡಿದೆ ನೀನು?"

"ನಾನು ಬೇಡ ಅಂದಿದ್ದೆ, ಅಕ್ಕ."

"ಬೇಡ ಅಂದೆ. ಅಂದೆಯಲ್ಲ." ಹೇಳುತ್ತಿದ್ದಂತೆಯೇ ಟೈಲರಮ್ಮನಿಗೆ ಏನೋ ಹೊಳೆಯಿತು.

"ಬೇಡ ಅನ್ನಲೇಬೇಕು," ನೋಡಿಕೊಳ್ಳುವವಳು ನೆಲ ನೋಡುತ್ತಲೇ ಹೇಳಿದಳು. "ಹೇಳದೆ ಬಿಚ್ಚಿಸಿದ್ರೆ ಅದು ದಾಟಲ್ಲ. ಹೇಳಬೇಕು, ಕೇಳಿದವಳು ನಗಬೇಕು, ತಾನಾಗಿ ಬಿಚ್ಚಬೇಕು. ಆಗ ಹಳಬಳನ್ನ ಬಿಟ್ಟು ಬಿಚ್ಚಿದವಳ ಮಗಳನ್ನ ಹಿಡಿಯತ್ತೆ. ಈ ಮನೆ ಕಟ್ಟಿಸಿದವರು ಸೊಸೆ ಬಾಯಿ ತೆರೀಬಾರದು ಅಂತ ಮಾಡಿಸಿದ್ದಂತೆ. ಅವಳು ಸಮುದ್ರಕ್ಕೆ ನಡೆದುಬಿಟ್ಟಳು. ಕಟ್ಟು ಉಳೀತು. ನನಗೆ ಹೇಳಿದ್ದು ಇಲ್ಲಿನ ಅಡುಗೆಯವಳು. ನಾನೂ ನಿಮ್ಮ ಹಾಗೇ ನಕ್ಕಿದ್ದೆ."

"ಸುಟ್ಟುಹಾಕ್ತೀನಿ ಅದನ್ನ."

"ಸುಟ್ರೆ ದನಿಯೂ ಅದರ ಜೊತೆ ಸುಡತ್ತೆ. ಅಡುಗೆಯವಳಿಗೆ ಇಬ್ಬರು ಹೆಣ್ಣುಮಕ್ಕಳಿದ್ರು. ಕಟ್ಟು ದೊಡ್ಡವಳ ಮೇಲಿದ್ದಾಗ ಆ ಗೊಂಬೆಯ ಒಂದು ಮೂಲೆಗೆ ಬೆಂಕಿ ಇಟ್ಟು ನೋಡಿದ್ಲಂತೆ. ಆ ಹುಡುಗಿ ನಾಲಿಗೆ... ಆಮೇಲೆ ಕಟ್ಟು ಚಿಕ್ಕವಳಿಗೆ ಬಂತು."

ಟೈಲರಮ್ಮ ಅವಳ ಕೆನ್ನೆಗೆ ಹೊಡೆದಳು. ಅವಳು ಇನ್ನೊಂದನ್ನೂ ತಡೆಯದೆ ತಿಂದಳು.

"ನಾಲ್ಕು ವರ್ಷ ಎಷ್ಟು ಜನ ಬಂದುಹೋದ್ರು, ಅಕ್ಕ. ಚಿಕ್ಕ ಮಕ್ಕಳು ಕಟ್ಕೊಂಡು ಬಂದವರಿಗೆ ನಾನು ಹೇಳಲೇ ಇಲ್ಲ. ದಿಂಬು ತೆಗೆದು ಬಚ್ಚಿಡ್ತಿದ್ದೆ. ನಿಮ್ಮ ಮಗಳು ದೊಡ್ಡವಳು, ಇಷ್ಟು ವರ್ಷ ಆದ್ರೂ ಮಾತಾಡಿದಾಳೆ ಅಂತ..." ಅವಳು ಕಣ್ಣೊರೆಸಿಕೊಂಡಳು. "ನನ್ನವಳಿಗೆ ಆಗ ಹದಿನಾರು."

ಮಾರನೆಯ ದಿನ ನೋಡಿಕೊಳ್ಳುವವಳೂ ಅವಳ ಮಗಳೂ ಗಂಟುಮೂಟೆ ಕಟ್ಟಿ ಹೊರಟುಹೋದರು. ಗೇಟಿನವರೆಗೂ ಆ ಹುಡುಗಿ ಮಾತಾಡುತ್ತಲೇ ಹೋದಳು.

ಪೇಟೆಯ ವೈದ್ಯರು ಗಂಟಲಿಗೆ ಬೆಳಕು ಬಿಟ್ಟು ನೋಡಿದರು. ದೊಡ್ಡ ಆಸ್ಪತ್ರೆಯವರು ಕತ್ತಿನ ಚಿತ್ರ ತೆಗೆದರು. ಎಲ್ಲ ಸರಿಯಾಗಿದೆ, ಹೆದರಿಕೆಯಿಂದ ಹೀಗಾಗುತ್ತದೆ ಎಂದರು. ಸೋಮವಾರ ಬಂತು, ಹೋಯಿತು. ಮಗಳ ಹಿರಿಯ ವಕೀಲರು ಫೋನಿನಲ್ಲಿ ಮೃದುವಾಗಿಯೇ ಹೇಳಿದರು, ಬೇರೆಯವರು ವಾದ ಮಾಡಿದರೆಂದು. ಮಗಳು ಫೋನು ಕೆಳಗಿಟ್ಟಳು. ಆಮೇಲೆ ಮೊದಲ ಬಾರಿಗೆ, ಅಮ್ಮ ಜೀವನವಿಡೀ ಮಾಡಿದ್ದನ್ನು ಮಾಡಿದಳು. ಸುಮ್ಮನೆ ತಲೆಯಾಡಿಸಿದಳು.

ಅದನ್ನು ನೋಡಲಾಗದೆ ಟೈಲರಮ್ಮ ವಿಲ್ಲಾದ ಮ್ಯಾನೇಜರಿಗೆ ಫೋನು ಮಾಡಿ, ಖಾಲಿ ಬಿದ್ದ ಕೆಲಸಕ್ಕೆ ತಾನು ಬರುತ್ತೇನೆಂದಳು. ಮಗಳಿಗೆ, "ಸಮುದ್ರದ ಗಾಳಿಗೆ ಗಂಟಲು ಸಡಿಲ ಆಗಬಹುದು," ಎಂದಳು. ಹಿತ್ತಲಿನಲ್ಲಿ ಕೇಳಿದ್ದನ್ನು ಹೇಳಲಿಲ್ಲ. ಹೇಳಿದರೆ ಮಗಳು ಚೀಟಿಯಲ್ಲಿ, ಇನ್ನೊಬ್ಬರ ಮಗಳ ಬಾಯಿ ಕಟ್ಟಬೇಡ ಎಂದು ಬರೆದುಕೊಡುತ್ತಾಳೆಂದು ಅವಳಿಗೆ ಗೊತ್ತಿತ್ತು. ಅಂಥ ಮಗಳನ್ನು ಅವಳೇ ಬೆಳೆಸಿದ್ದಳು.

ಮೊದಲ ಅತಿಥಿಗಳು ಶುಕ್ರವಾರ ಬೆಳಗ್ಗೆ ಬಂದರು. ಗಂಡ, ಹೆಂಡತಿ, ಐದು ವರ್ಷದ ಮಗಳು. ಹೆಂಡತಿ ನಗುಮುಖದವಳು, ಗಾಜಿನ ಬಾಗಿಲ ಮೇಲಿನ ಬೆರಳಚ್ಚನ್ನು ತನ್ನ ಕರವಸ್ತ್ರದಿಂದಲೇ ಒರೆಸುತ್ತ ಒಳಗೆ ಬಂದಳು.

"ಛೇ, ನೀವು ಯಾಕಮ್ಮ ಸೂಟ್‌ಕೇಸ್ ಎತ್ತೋದು, ಬಿಡಿ. ಈ ಮಾತಿನ ಮಲ್ಲಿನ ಸ್ವಲ್ಪ ಹಿಡ್ಕೊಳಿ, ಅಷ್ಟು ಸಾಕು."

ಮಗು ಆಗಲೇ ಟೈಲರಮ್ಮನ ಕೈ ಹಿಡಿದಿತ್ತು. ಬಿಸಿಯಾದ, ಮರಳು ಮೆತ್ತಿದ ಪುಟ್ಟ ಕೈ.

"ಅಜ್ಜೀ, ಸಮುದ್ರ ಯಾಕೆ ಸುಮ್ಮನೇ ಇರಲ್ಲ? ಅದಕ್ಕೆ ಯಾರೂ ಬಯ್ಯಲ್ವಾ? ಏಡಿಗೆ ಮಾತು ಬರತ್ತಾ?"

"ಬರತ್ತೇನೋ ಪುಟ್ಟಾ. ನಾನು ಕೇಳಿಲ್ಲ."

"ನಾನು ಕೇಳ್ಕೊಂಡು ಬಂದು ನಿಮಗೆ ಹೇಳ್ತೀನಿ. ಆಯ್ತಾ?"

ಮಗು ಓಡಿತು. ಅದರ ಮಾತು ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿದಾಡಿ ಇಡೀ ಮನೆ ತುಂಬಿತು. ಹಿಂದಿನ ಕೋಣೆಯ ಬಾಗಿಲ ಸಂದಿಯಲ್ಲಿ ಟೈಲರಮ್ಮನ ಮಗಳು ನಿಂತಿದ್ದಳು, ಮಡಿಸಿದ ಚಾದರ ಎದೆಗೊತ್ತಿಕೊಂಡು. ಮಗುವಿನ ಮಾತು ಕೇಳುತ್ತ ಅವಳ ಮುಖದಲ್ಲಿ ಎಷ್ಟೋ ದಿನಗಳ ನಂತರ ನಗು ಮೂಡಿತ್ತು. ತುಟಿಗಳು ತಾವಾಗಿ ಅಲುಗಿದವು. ಗಂಟಲಿನಿಂದ ಆ ಸದ್ದು ಬಂತು. ಅವಳು ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದು ಬಾಗಿಲು ಹಾಕಿಕೊಂಡಳು.

ಟೈಲರಮ್ಮ ಕಿಟಕಿಯ ಪಕ್ಕದ ಆಸನದ ಬಳಿ ಬಂದಳು. ದಿಂಬನ್ನು ಎತ್ತಿ ಬೀರುವಿನೊಳಗೆ ಇಡಲೆಂದೇ ಕೈಗೆ ತೆಗೆದುಕೊಂಡಳು. ನಾಲ್ಕು ವರ್ಷ ಎಂದಿದ್ದಳು ಆ ಹೆಂಗಸು. ಚಿಕ್ಕ ಮಕ್ಕಳಿದ್ದವರಿಗೆ ಹೇಳಲೇ ಇಲ್ಲ ಎಂದಿದ್ದಳು. ಎಷ್ಟು ಒಳ್ಳೆಯವಳು ಅವಳು, ಎಂದು ಟೈಲರಮ್ಮನಿಗೆ ಈಗ ಅನ್ನಿಸಿತು. ತನಗಿಂತ ಎಷ್ಟೋ ಒಳ್ಳೆಯವಳು.

ಹೊರಗೆ ಮರಳಿನ ಮೇಲೆ ಮಗು ಬಗ್ಗಿ ಏಡಿಯೊಂದನ್ನು ಗಟ್ಟಿಯಾಗಿ ವಿಚಾರಿಸುತ್ತಿತ್ತು. ಒಳಗೆ ಅದರ ತಾಯಿ ಬೇಸಿನ್ನಿನಲ್ಲಿ ಮುಖ ತೊಳೆಯುತ್ತ ಯಾವುದೋ ಹಾಡು ಗುನುಗುತ್ತಿದ್ದಳು. ನೀರಿನ ಸದ್ದು ನಿಂತಿತು. ಹೆಜ್ಜೆಗಳು ಈ ಕಡೆಗೆ ಬರತೊಡಗಿದವು.

ಟೈಲರಮ್ಮ ದಿಂಬನ್ನು ಆಸನದ ಮೇಲೆಯೇ ಇಟ್ಟಳು. ಎರಡು ಸಲ ತಟ್ಟಿ ಉಬ್ಬಿಸಿದಳು. ಆಮೇಲೆ ಹೊಲಿಗೆ ಬಾಗಿಲ ಕಡೆಗೆ ಕಾಣುವಂತೆ ಅದನ್ನು ತಿರುಗಿಸಿಟ್ಟು, ಕೈ ಒರೆಸಿಕೊಂಡು, ಕಾದು ನಿಂತಳು.